ಮಾರಿದ ಚಿತ್ರ ಮತ್ತೆ ಮಾರಾಟವಾದಾಗ ನಿಮ್ಮ ಪಾಲು ಕೇಳುವುದು ಹೇಗೆ? ಬೆಂಗಳೂರಿನ ಕಲಾವಿದರಿಗೆ ಸಮಗ್ರ ಮಾರ್ಗದರ್ಶಿ

2011ರ ಚಿತ್ರಸಂತೆಯಲ್ಲಿ ನಾನೊಂದು ಕ್ಯಾನ್ವಾಸ್ ಮಾರಿದೆ. ಕೆ.ಆರ್. ಮಾರ್ಕೆಟ್ಟಿನ ಹೂವಿನ ಸಾಲು, ಮೂರಡಿಗೆ ನಾಲ್ಕಡಿ, ಆಕ್ರಿಲಿಕ್. ಬೆಲೆ 14,000 ರೂಪಾಯಿ. ಕೊಂಡವರು ನೋಟು ಎಣಿಸಿ ಕೊಟ್ಟರು. ನಾನು ಚಿತ್ರವನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಕುಮಾರಕೃಪಾ ರಸ್ತೆಯಲ್ಲಿ ಆಟೋ ಹತ್ತಿಸಿದೆ. ರಸೀದಿ ಬರೆಯಲಿಲ್ಲ, ಫೋನ್ ನಂಬರ್ ಕೇಳಲಿಲ್ಲ. ಅವತ್ತಿನ ಖುಷಿಗೆ ಅದೆಲ್ಲ ಹೊಳೆಯಲೂ ಇಲ್ಲ.

ಏಳೆಂಟು ವರ್ಷ ಆದ ಮೇಲೆ ನನ್ನ ಹತ್ತಿರ ಕಲಿತ ಹುಡುಗಿಯೊಬ್ಬಳು ವಾಟ್ಸಾಪ್‌ನಲ್ಲಿ ಒಂದು ಸ್ಕ್ರೀನ್‌ಶಾಟ್ ಕಳಿಸಿದಳು. "ಸಾರ್, ಇದು ನಿಮ್ದೇ ಅಲ್ವಾ?" ನನ್ನದೇ. ಆನ್‌ಲೈನ್ ಹರಾಜಿನಲ್ಲಿ 1,60,000ಕ್ಕೆ ಹೋಗಿತ್ತು. ನನ್ನ ಹೆಸರಿನ ಕಾಗುಣಿತ ಬೇರೆ ತಪ್ಪಾಗಿತ್ತು. ಹರಾಜಿನವರಿಗೆ ಮೇಲ್ ಬರೆದೆ. ತುಂಬಾ ಮರ್ಯಾದೆಯಿಂದ ಒಂದು ಸಾಲಿನ ಉತ್ತರ ಬಂತು: ಇದು ನಿಮ್ಮ ಮೂಲ ಕೃತಿ ಅನ್ನುವುದಕ್ಕೆ ದಾಖಲೆ ಇದ್ದರೆ ಕಳಿಸಿ. ನನ್ನ ಬಳಿ ಏನಿತ್ತು? ಆ ಚಿತ್ರದ ಒಂದು ನೆಟ್ಟಗಿನ ಫೋಟೋ ಕೂಡ ಇರಲಿಲ್ಲ. ವಿಷಯ ಅಲ್ಲಿಗೇ ನಿಂತಿತು.

ಕಾನೂನು ಅವತ್ತೂ ನನ್ನ ಪರವಾಗಿಯೇ ಇತ್ತು. ಕಾಗದ ಇರಲಿಲ್ಲ, ಅಷ್ಟೇ. ಹಾಗಾಗಿ ಈ ಬರಹದಲ್ಲಿ ಕೋರ್ಟಿಗಿಂತ ಜಾಸ್ತಿ ಮಾತು ರಸೀದಿ ಪುಸ್ತಕದ ಬಗ್ಗೆಯೇ ಇರುತ್ತದೆ.

ಮೊದಲು, ಕಾನೂನಿನಲ್ಲಿ ಏನಿದೆ

1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯಿದೆಗೆ 1994ರಲ್ಲಿ ತಿದ್ದುಪಡಿ ಬಂತು. ಆಗ ಸೇರಿಸಿದ 53ಎ ಕಲಮು 1995ರ ಮೇ 10ರಿಂದ ಜಾರಿಯಲ್ಲಿದೆ. ಅದರ ಸಾರ ಇಷ್ಟು: ಪೇಂಟಿಂಗ್, ಶಿಲ್ಪ ಅಥವಾ ಡ್ರಾಯಿಂಗ್‌ನ ಮೂಲ ಪ್ರತಿ 10,000 ರೂಪಾಯಿ ಮೀರಿದ ಬೆಲೆಗೆ ಮರುಮಾರಾಟವಾದರೆ, ಆ ಬೆಲೆಯಲ್ಲಿ ಕಲಾವಿದರಿಗೆ ಪಾಲಿದೆ. ಅವರು ತೀರಿಕೊಂಡಿದ್ದರೆ ವಾರಸುದಾರರಿಗೆ. ಕವಿ, ನಾಟಕಕಾರ, ಸಂಗೀತಗಾರರ ಮೂಲ ಹಸ್ತಪ್ರತಿಗೂ ಇದೇ ನಿಯಮ. ಸಾಹಿತಿಗಳ ಮಕ್ಕಳಲ್ಲಿ ಎಷ್ಟು ಜನಕ್ಕೆ ಇದು ಗೊತ್ತೋ!

ಇಲ್ಲಿ ಎರಡು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ. ಒಂದು, ಪಾಲು ಸಿಗುವುದು ಬೆಲೆಯಲ್ಲಿ, ಲಾಭದಲ್ಲಿ ಅಲ್ಲ. ಮಾರಿದವರು "ನಂಗೇ ಲಾಸ್ ಆಯ್ತು ಸಾರ್" ಅಂದರೂ ನಿಮ್ಮ ಪಾಲು ಹೋಗುವುದಿಲ್ಲ. ಎರಡು, ಕೃತಿಸ್ವಾಮ್ಯವನ್ನು ಬೇರೆಯವರಿಗೆ ಬರೆದುಕೊಟ್ಟಿದ್ದರೂ ಈ ಹಕ್ಕು ಉಳಿಯುತ್ತದೆ ಅಂತ ಕಲಮಿನಲ್ಲೇ ಇದೆ. "ಎಲ್ಲಾ ಹಕ್ಕೂ ಬರ್ಕೊಟ್ಟಿದೀರಲ್ಲ" ಅಂತ ಯಾರಾದರೂ ಹೇಳಿದರೆ ಅದನ್ನು ತೋರಿಸಿ.

ಪಾಲು ಎಷ್ಟು? ಕಾಯಿದೆ ನಿಗದಿತ ದರ ಹೇಳುವುದಿಲ್ಲ, ಮೇಲ್ಮಿತಿ ಮಾತ್ರ ಹೇಳುತ್ತದೆ: ಮರುಮಾರಾಟದ ಬೆಲೆಯ ಶೇ. 10ಕ್ಕಿಂತ ಜಾಸ್ತಿ ಆಗಬಾರದು. ಅದರೊಳಗೆ ಎಷ್ಟು ಅಂತ ತೀರ್ಮಾನಿಸುವ ಅಧಿಕಾರ ಮೊದಲು ಕೃತಿಸ್ವಾಮ್ಯ ಮಂಡಳಿಗಿತ್ತು. ಆಮೇಲೆ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿಗೆ ಹೋಯಿತು. 2021ರಲ್ಲಿ ಆ ಮಂಡಳಿಯನ್ನೇ ರದ್ದು ಮಾಡಿ ಅಧಿಕಾರವನ್ನು ವಾಣಿಜ್ಯ ನ್ಯಾಯಾಲಯಕ್ಕೆ ಕೊಟ್ಟರು. ತಕರಾರು ಬಂದರೆ ಹೋಗಬೇಕಾದ್ದೂ ಅಲ್ಲಿಗೇ.

ದರ ಕಾಯಿದೆಯಲ್ಲಿ ಇಲ್ಲದಿರುವುದೇ ನಮ್ಮ ದೊಡ್ಡ ತಲೆನೋವು. ಈ ಹಕ್ಕನ್ನು ಮೊದಲು ಕೊಟ್ಟ ದೇಶ ಫ್ರಾನ್ಸ್, 1920ರಲ್ಲಿ. ಇವತ್ತು ಯುರೋಪಿನ ಒಕ್ಕೂಟದಲ್ಲಿ ಸ್ಲ್ಯಾಬ್ ಲೆಕ್ಕ ಇದೆ: ಮೊದಲ 50,000 ಯೂರೋಗೆ ಸಾಮಾನ್ಯವಾಗಿ ಶೇ. 4, ಮೇಲೆ ಹೋದಂತೆ ಶೇ. 3, 1, 0.5, 0.25. ಎಷ್ಟೇ ಕೋಟಿಗೆ ಹೋದರೂ 12,500 ಯೂರೋ ಮೀರುವಂತಿಲ್ಲ. ಆಸ್ಟ್ರೇಲಿಯಾದಲ್ಲಿ ನೇರವಾಗಿ ಶೇ. 5. ಅಲ್ಲೆಲ್ಲ ವಸೂಲಿ ಮಾಡಿ ಕಲಾವಿದರಿಗೆ ಹಂಚುವ ಸಂಸ್ಥೆಗಳೂ ಇವೆ. ನಮ್ಮಲ್ಲಿ ಚಿತ್ರ ಮಾರಿದವರು ನಿಮಗೆ ತಿಳಿಸಬೇಕು ಅಂತ 53ಎ ಹೇಳುವುದಿಲ್ಲ. ನೀವೇ ಕಂಡುಹಿಡಿಯಬೇಕು, ನೀವೇ ಕೇಳಬೇಕು.

ಹಂತ 1: ನಿಮ್ಮ ಕೆಲಸ ಈ ಕಲಮಿನೊಳಗೆ ಬರುತ್ತದಾ ನೋಡಿ

ಪೇಂಟಿಂಗ್, ಶಿಲ್ಪ, ಡ್ರಾಯಿಂಗ್ ಅಂತ ಮೂರೇ ಹೆಸರು ಇರುವುದು. ಫೋಟೋಗ್ರಫಿ ಇಲ್ಲ. ಅಚ್ಚೊತ್ತಿ ಚಿತ್ರ ತೆಗೆಯುವ, ಅಂದರೆ ಎಚಿಂಗ್, ಲಿಥೋ, ವುಡ್‌ಕಟ್ ಮಾಡುವ ಪ್ರಿಂಟ್‌ಮೇಕರ್‌ಗಳಿಗೂ ಇಲ್ಲಿ ಹೆಸರು ಹಿಡಿದು ಜಾಗ ಕೊಟ್ಟಿಲ್ಲ. ಕೃತಿಸ್ವಾಮ್ಯದ ವಿಷಯ ಬಂದಾಗ ಅದೇ ಕಾಯಿದೆ ಎನ್‌ಗ್ರೇವಿಂಗನ್ನೂ ಫೋಟೋವನ್ನೂ ಕಲಾಕೃತಿ ಅನ್ನುತ್ತದೆ, ಮರುಮಾರಾಟಕ್ಕೆ ಬಂದಾಗ ಕೈಬಿಡುತ್ತದೆ. ನನಗೆ ಇದು ಅನ್ಯಾಯ ಅನ್ನಿಸುತ್ತದೆ. ನೀವು ಪ್ರಿಂಟ್ ಅಥವಾ ಫೋಟೋ ಮಾಡುವವರಾದರೆ ಕಾನೂನಿನ ಮೇಲೆ ಭಾರ ಹಾಕಬೇಡಿ. ಹಂತ 3ರ ಕರಾರೇ ನಿಮಗೆ ಗತಿ.

ಇನ್ನೊಂದು ಷರತ್ತು ಇದೆ. ಬಹಳ ಜನ ಎಡವುವುದು ಇಲ್ಲೇ. 17ನೇ ಕಲಮಿನ ಪ್ರಕಾರ ನೀವೇ ಕೃತಿಸ್ವಾಮ್ಯದ ಮೊದಲ ಮಾಲೀಕರಾಗಿದ್ದರೆ ಮಾತ್ರ 53ಎ ಅನ್ವಯಿಸುತ್ತದೆ. ಸುಮ್ಮನೆ ನಿಮ್ಮ ಪಾಡಿಗೆ ಬರೆದ ಚಿತ್ರಕ್ಕೆ ನೀವೇ ಮಾಲೀಕರು, ಸರಿ. ಆದರೆ ವೈಟ್‌ಫೀಲ್ಡ್‌ನ ಒಂದು ಕಂಪನಿ "ನಮ್ಮ ಲಾಬಿಗೆ ಎಂಟಡಿ ಪೇಂಟಿಂಗ್ ಮಾಡಿಕೊಡಿ" ಅಂತ ದುಡ್ಡು ಕೊಟ್ಟು ಹೇಳಿ ಮಾಡಿಸಿತು ಅಂದುಕೊಳ್ಳಿ. ಬೇರೆ ಕರಾರು ಇಲ್ಲದಿದ್ದರೆ ಆಗ ಮೊದಲ ಮಾಲೀಕರು ಮಾಡಿಸಿದವರು. ಮದುವೆ ಮನೆಯವರು ಹೇಳಿ ಬರೆಸಿದ ಭಾವಚಿತ್ರಕ್ಕೂ ಇದೇ ಲೆಕ್ಕ. ಸಂಬಳದ ಕೆಲಸದ ಭಾಗವಾಗಿ ಬರೆದದ್ದು ಸಾಮಾನ್ಯವಾಗಿ ಕೆಲಸ ಕೊಟ್ಟವರದ್ದು.

ಇದಕ್ಕೆ ಮದ್ದು "ಬೇರೆ ಕರಾರು ಇಲ್ಲದಿದ್ದರೆ" ಅನ್ನುವ ಮಾತಿನಲ್ಲೇ ಇದೆ. ಅಂದರೆ ಕರಾರು ಮಾಡಿಕೊಳ್ಳಬಹುದು. ಆರ್ಡರ್ ಒಪ್ಪಿಕೊಳ್ಳುವ ಮೇಲ್‌ನಲ್ಲಿ ಒಂದು ಸಾಲು ಸೇರಿಸಿ: "ಈ ಕೃತಿಯ ಕೃತಿಸ್ವಾಮ್ಯದ ಮೊದಲ ಮಾಲೀಕರು ಕಲಾವಿದರೇ." ಅವರು "ಓಕೆ" ಅಂತ ಉತ್ತರ ಕೊಟ್ಟ ಮೇಲೆಯೇ ಅಡ್ವಾನ್ಸ್ ತೆಗೆದುಕೊಳ್ಳಿ, ಬ್ರಷ್ ಹಿಡಿಯಿರಿ. ಕೆಲಸ ಮುಗಿದ ಮೇಲೆ ಕೇಳಿದರೆ ಯಾರೂ ಒಪ್ಪುವುದಿಲ್ಲ.

ಅವಧಿಯನ್ನೂ ನೋಡಿ. ಕಲಾವಿದರ ಆಯಸ್ಸು ಮತ್ತು ಅವರು ತೀರಿಕೊಂಡ ಮುಂದಿನ ವರ್ಷದಿಂದ ಲೆಕ್ಕ ಹಾಕಿ 60 ವರ್ಷ. ಕೆ. ವೆಂಕಟಪ್ಪ ತೀರಿಕೊಂಡದ್ದು 1965ರಲ್ಲಿ, ಹಾಗಾಗಿ ಅವರ ಕೃತಿಗಳ ಅವಧಿ 2025ರ ಡಿಸೆಂಬರ್ 31ರವರೆಗೆ. ಕೆ.ಕೆ. ಹೆಬ್ಬಾರರು ಹೋದದ್ದು 1996ರಲ್ಲಿ. ಅವರದ್ದು 2056ರ ಕೊನೆಯವರೆಗೆ ನಡೆಯುತ್ತದೆ.

ಹಂತ 2: ಕೃತಿಗೆ ಗುರುತು ಮಾಡಿ, ಪುಸ್ತಕದಲ್ಲಿ ಬರೆದಿಡಿ

ಒಂದು ಉದ್ದನೆಯ ಲೆಕ್ಕದ ಪುಸ್ತಕ ತನ್ನಿ. ಎಕ್ಸೆಲ್ ಇದ್ದರೆ ಒಳ್ಳೆಯದೇ, ಆದರೆ ಕೈಬರಹದ ಪುಸ್ತಕವೂ ಇರಲಿ. ವರ್ಷಗಟ್ಟಲೆ ಒಂದೇ ಪುಸ್ತಕದಲ್ಲಿ ಬೇರೆ ಬೇರೆ ಪೆನ್ನಿನಲ್ಲಿ ಬರೆದ ಸಾಲುಗಳು ಇವತ್ತು ಕೂತು ಹುಟ್ಟಿಸಿದ್ದಲ್ಲ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ನನ್ನ ಪುಸ್ತಕದ ಒಂದು ಸಾಲು ಹೀಗಿದೆ:

*2019/07. ಗಾಂಧಿ ಬಜಾರ್, ಮಳೆ. ಕ್ಯಾನ್ವಾಸ್ ಮೇಲೆ ಆಕ್ರಿಲಿಕ್. 36 x 48 ಇಂಚು. ಸಹಿ ಬಲಗಡೆ ಕೆಳಗೆ, ಕನ್ನಡದಲ್ಲಿ. ಎಡ ಮೂಲೆಯಲ್ಲಿ ಚಾಕು ತಾಗಿ ಸಣ್ಣ ಗೀರು, ಮೇಲೆ ಬಣ್ಣ ಹಚ್ಚಿದೆ.*

ಆ ಕೊನೆಯ ಮಾತು ಬೇಕಾ ಅಂತ ಅನ್ನಿಸಬಹುದು. ಬೇಕು. ಸಹಿಯನ್ನು ಯಾರು ಬೇಕಾದರೂ ನಕಲು ಮಾಡಬಹುದು. ಚಾಕುವಿನ ಗೀರು ಎಲ್ಲಿದೆ ಅಂತ ಗೊತ್ತಿರುವುದು ನಿಮಗೊಬ್ಬರಿಗೇ.

ಕೃತಿಯ ಹಿಂದುಗಡೆ ಅದೇ ನಂಬರ್, ಹೆಸರು, ವರ್ಷ ಬರೆಯಿರಿ. ಬಟ್ಟೆಯ ಮೇಲೆ ಬೇಡ, ಕ್ಯಾನ್ವಾಸನ್ನು ಬಿಗಿದಿರುವ ಮರದ ಪಟ್ಟಿಯ ಮೇಲೆ ಬರೆಯಿರಿ. ಬಟ್ಟೆಯ ಮೇಲೆ ಮಾರ್ಕರ್‌ನಲ್ಲಿ ಬರೆದರೆ ಇಂಕು ಮುಂದಕ್ಕೆ ಇಳಿಯುತ್ತದೆ. ನನ್ನದೊಂದು ಬಿಳಿ ಆಕಾಶದಲ್ಲಿ "2008" ಅಂತ ಮಸುಕಾಗಿ ಮೂಡಿ ಕೂತಿದೆ. ಕಾಗದದ ಮೇಲಿನ ಡ್ರಾಯಿಂಗ್ ಆದರೆ ಹಿಂದೆ ಮೂಲೆಯಲ್ಲಿ ಮೆತ್ತಗಿನ ಪೆನ್ಸಿಲ್‌ನಲ್ಲಿ. ಶಿಲ್ಪವಾದರೆ ತಳದಲ್ಲಿ ಕೆತ್ತಿಬಿಡಿ.

ಆಮೇಲೆ ಫೋಟೋ. ಕನಿಷ್ಠ ನಾಲ್ಕು: ಮುಂದೆ, ಹಿಂದೆ, ಸಹಿ ಹತ್ತಿರದಿಂದ, ಮತ್ತು ನೀವು ಅದರ ಪಕ್ಕ ನಿಂತಿರುವ ಒಂದು. ಬಿಸಿಲು ನೇರ ಬೀಳದ ಜಾಗದಲ್ಲಿ, ಗಾಜು ಹಾಕಿಸುವ ಮೊದಲೇ ತೆಗೆಯಿರಿ. ತೆಗೆದ ದಿನವೇ ನಿಮಗೆ ನೀವೇ ಮೇಲ್ ಮಾಡಿಕೊಂಡರೆ ತಾರೀಕೂ ದಾಖಲಾಗುತ್ತದೆ.

ಕೃತಿಸ್ವಾಮ್ಯ ನೋಂದಣಿ ಕಡ್ಡಾಯವಲ್ಲ. ಚಿತ್ರ ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು. ಆದರೆ ನೋಂದಣಿ ಪುಸ್ತಕದ ದಾಖಲೆಯನ್ನು ಕೋರ್ಟು ಮೇಲ್ನೋಟದ ಸಾಕ್ಷಿಯಾಗಿ ಒಪ್ಪುತ್ತದೆ. ಕೇಂದ್ರ ಕೃತಿಸ್ವಾಮ್ಯ ಕಚೇರಿಯ ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಕಲಾಕೃತಿಗೆ ಶುಲ್ಕ ಒಂದಕ್ಕೆ 500 ರೂಪಾಯಿ. ಅರ್ಜಿ ಹಾಕಿದ ಮೇಲೆ ಆಕ್ಷೇಪಣೆಗೆ 30 ದಿನ ಕಾಯುತ್ತಾರೆ. ಎಲ್ಲ ಚಿತ್ರಕ್ಕೂ ಮಾಡಿಸುವುದು ವ್ಯರ್ಥ. ವರ್ಷಕ್ಕೆ ಎರಡು ಮೂರು ಮುಖ್ಯ ಕೆಲಸಕ್ಕೆ ಮಾಡಿಸಿದರೆ ಸಾಕು.

ಹಂತ 3: ಮೊದಲ ಮಾರಾಟದ ದಿನ ಬರೆಯಬೇಕಾದ ನಾಲ್ಕು ಸಾಲು

ಇಡೀ ಬರಹದಲ್ಲಿ ಒಂದೇ ಹಂತ ಪಾಲಿಸುವುದಾದರೆ ಇದನ್ನು ಪಾಲಿಸಿ.

ನಾಲ್ಕು ಪುಟದ ಕರಾರು ಮಾಡಿಸಲು ಹೋಗಬೇಡಿ. ನ್ಯೂಯಾರ್ಕ್‌ನಲ್ಲಿ 1971ರಲ್ಲೇ ಸೇತ್ ಸೀಗೆಲಾಬ್ ಎಂಬ ಕ್ಯುರೇಟರ್ ವಕೀಲರೊಬ್ಬರ ಜೊತೆ ಸೇರಿ ಕಲಾವಿದರಿಗಾಗಿ ಇಂಥದೊಂದು ಮಾದರಿ ಕರಾರು ತಯಾರಿಸಿದ್ದರು. ಏರಿದ ಬೆಲೆಯಲ್ಲಿ ಶೇ. 15 ಕಲಾವಿದರಿಗೆ ಅಂತ ಅದರಲ್ಲಿತ್ತು. ಓದಲು ಚೆನ್ನಾಗಿದೆ. ಆದರೆ ಚಿತ್ರಸಂತೆಯಲ್ಲಿ ಮಧ್ಯಾಹ್ನದ ಬಿಸಿಲಲ್ಲಿ, ಹಿಂದೆ ಹತ್ತು ಜನ ನೂಕುತ್ತಿರುವಾಗ, ಅಂಥದ್ದಕ್ಕೆ ಸಹಿ ಹಾಕಿ ಅಂದರೆ ಕೊಳ್ಳುವವರು ಪಕ್ಕದ ಸ್ಟಾಲಿಗೆ ಹೋಗುತ್ತಾರೆ. ರಸೀದಿಯ ಕೆಳಗೇ ಇಷ್ಟು ಅಚ್ಚು ಹಾಕಿಸಿ:

*ಇದು ಕಲಾವಿದರ ಮೂಲ ಕೃತಿ. ಕೃತಿಸ್ವಾಮ್ಯ ಕಲಾವಿದರ ಬಳಿಯೇ ಉಳಿಯುತ್ತದೆ. ಮುಂದೆ ಈ ಕೃತಿ 10,000 ರೂಪಾಯಿಗಿಂತ ಹೆಚ್ಚಿನ ಬೆಲೆಗೆ ಮಾರಾಟವಾದರೆ, ಮಾರುವವರು 30 ದಿನದೊಳಗೆ ಕಲಾವಿದರಿಗೆ ಅಥವಾ ಅವರ ವಾರಸುದಾರರಿಗೆ ತಿಳಿಸಿ, ಮಾರಿದ ಬೆಲೆಯ ಶೇ. 5 ಕೊಡಲು ಒಪ್ಪಿದ್ದಾರೆ. ಈ ರಸೀದಿಯ ಪ್ರತಿಯನ್ನು ಮುಂದೆ ಕೊಳ್ಳುವವರಿಗೂ ಕೊಡತಕ್ಕದ್ದು.*

ಕೆಳಗೆ ಇಬ್ಬರ ಸಹಿ, ಕೊಂಡವರ ಹೆಸರು, ಫೋನ್, ತಾರೀಕು. ಒಂದು ಪ್ರತಿ ಅವರಿಗೆ, ಕಾರ್ಬನ್ ಪ್ರತಿ ನಿಮಗೆ. ಬೆಂಗಳೂರಿನಲ್ಲಿ ಕೊಳ್ಳುವವರಲ್ಲಿ ಅರ್ಧ ಜನಕ್ಕೆ ಕನ್ನಡ ಓದಲು ಬರುವುದಿಲ್ಲ, ಹಾಗಾಗಿ ಇಂಗ್ಲಿಷಿನಲ್ಲೂ ಇರಲಿ. ಹಣ ಯುಪಿಐನಲ್ಲಿ ತೆಗೆದುಕೊಳ್ಳಿ. ಬ್ಯಾಂಕಿನ ಎಂಟ್ರಿಗಿಂತ ಒಳ್ಳೆಯ ಸಾಕ್ಷಿ ಇಲ್ಲ.

ಶೇ. 10 ಯಾಕಲ್ಲ? ಹಾಕಬಹುದು. ನನ್ನ ಅನುಭವದಲ್ಲಿ 5 ಅಂದರೆ ನಗುತ್ತಾ ಸಹಿ ಹಾಕುತ್ತಾರೆ, 10 ಅಂದರೆ ಯೋಚನೆ ಮಾಡುತ್ತಾರೆ. ದರ ಮೊದಲೇ ಒಪ್ಪಿಕೊಂಡಿದ್ದರೆ ಮುಂದೆ "ಎಷ್ಟು" ಅನ್ನುವ ಜಗಳಕ್ಕೆ ಕೋರ್ಟು ಹತ್ತುವುದು ತಪ್ಪುತ್ತದೆ.

ಹಿಂದಿನ ಸಂತೆಯಲ್ಲಿ ಒಬ್ಬರು ರಸೀದಿ ಓದಿ ಕೇಳಿದರು: "ಇದೇನ್ ಸಾರ್, ಚಿತ್ರ ತಗೊಂಡ್ರೆ ಸೈಟ್ ರಿಜಿಸ್ಟ್ರೇಷನ್ ಥರ ಸೈನ್ ಕೇಳ್ತೀರಲ್ಲ?"

"ನೀವು ಮಾರಿದ್ರೆ ತಾನೇ ಸಾರ್? ಗೋಡೆ ಮೇಲೇ ಇದ್ರೆ ಒಂದು ರೂಪಾಯಿನೂ ಇಲ್ಲ."

"ಅಂದ್ರೆ ಮುಂದೆ ರೇಟ್ ಜಾಸ್ತಿ ಆಗುತ್ತೆ ಅಂತ ನಿಮಗೇ ಗ್ಯಾರಂಟಿ ಇದೆ ಅನ್ನಿ" ಅಂದು ಸಹಿ ಹಾಕಿದರು. ಇದಕ್ಕಿಂತ ಒಳ್ಳೆಯ ಜಾಹೀರಾತು ನಾನು ಕಂಡಿಲ್ಲ.

ಒಂದು ಮಿತಿ ಹೇಳಿಬಿಡಬೇಕು. ಈ ಕರಾರು ನಿಮ್ಮನ್ನೂ ಮೊದಲು ಕೊಂಡವರನ್ನೂ ಮಾತ್ರ ಕಟ್ಟಿಹಾಕುತ್ತದೆ. ಅವರಿಂದ ಕೊಂಡ ಮೂರನೆಯವರ ಸಹಿ ಇದರಲ್ಲಿ ಇರುವುದಿಲ್ಲ. ಅವರ ಮೇಲೆ ನಿಮಗಿರುವುದು 53ಎ ಮಾತ್ರ. ಹಾಗಾಗಿ ಎರಡೂ ಬೇಕು.

ಗ್ಯಾಲರಿ ಮೂಲಕ ಮಾರುವವರು ಇನ್ನೊಂದು ವಿಷಯ ನೋಡಿಕೊಳ್ಳಿ. ಗ್ಯಾಲರಿ ಕಮಿಷನ್ ಮೇಲೆ ನಿಮ್ಮ ಪರವಾಗಿ ಮಾರಿದರೆ ಅದು ಮೊದಲ ಮಾರಾಟ, ಪಾಲಿನ ಮಾತಿಲ್ಲ. ಗ್ಯಾಲರಿಯೇ ನಿಮ್ಮಿಂದ ಪೂರ್ತಿ ದುಡ್ಡು ಕೊಟ್ಟು ಕೊಂಡು, ಆಮೇಲೆ ಮಾರಿದರೆ ಅದು ಮರುಮಾರಾಟ. ಚಿತ್ರ ಕೊಡುವಾಗ ಡೆಲಿವರಿ ಚಲನ್‌ನಲ್ಲಿ ಯಾವುದು ಅಂತ ಬರೆಸಿ. ಕೊಂಡವರ ಹೆಸರು ಹೇಳಲು ಗ್ಯಾಲರಿಯವರು ಹಿಂದೇಟು ಹಾಕುತ್ತಾರೆ. ಹೆಸರು ಕೊಡದಿದ್ದರೂ ಪರವಾಗಿಲ್ಲ, ಈ ನಾಲ್ಕು ಸಾಲು ಅವರ ಬಿಲ್ಲಿನಲ್ಲಿ ಇರಲಿ ಅಂತ ಪಟ್ಟು ಹಿಡಿಯಿರಿ.

ಹಂತ 4: ಕಣ್ಣಿಟ್ಟಿರಿ

ಗೂಗಲ್ ಅಲರ್ಟ್‌ನಲ್ಲಿ ನಿಮ್ಮ ಹೆಸರು ಹಾಕಿ. ಸರಿಯಾದ ಕಾಗುಣಿತ ಮಾತ್ರ ಅಲ್ಲ, ಜನ ತಪ್ಪು ಬರೆಯುವ ಎಲ್ಲ ಬಗೆಯಲ್ಲೂ. ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲಿ ಐದು ಥರ ಬರೆಯುತ್ತಾರೆ, ಇನಿಷಿಯಲ್ ಹಿಂದೆ ಮುಂದೆ ಆಗುತ್ತದೆ. ಮೂರು ತಿಂಗಳಿಗೊಮ್ಮೆ ಮುಖ್ಯ ಚಿತ್ರಗಳನ್ನು ಗೂಗಲ್ ಲೆನ್ಸ್‌ಗೆ ಹಾಕಿ ಹುಡುಕಿ. ದೊಡ್ಡ ಹರಾಜು ಸಂಸ್ಥೆಗಳು ಹಳೆಯ ಹರಾಜಿನ ಫಲಿತಾಂಶವನ್ನು ಜಾಲತಾಣದಲ್ಲೇ ಇಡುತ್ತವೆ, ಅಲ್ಲೂ ನೋಡಿ. ಸ್ನೇಹಿತರ ನಡುವಿನ ಖಾಸಗಿ ಮಾರಾಟ ಕಣ್ಣಿಗೆ ಬೀಳುವುದು ಕಷ್ಟ. ಅದಕ್ಕೆ ಫ್ರೇಮ್ ಅಂಗಡಿಯವರ ಸ್ನೇಹ ಇಟ್ಟುಕೊಳ್ಳಿ. ಮನೆ ಬದಲಾದ ಚಿತ್ರ ಬಹಳ ಸಲ ಹೊಸ ಫ್ರೇಮಿಗೆ ಅಲ್ಲಿಗೇ ಬರುತ್ತದೆ.

ಸಿಕ್ಕಿದ ಕೂಡಲೇ ಸ್ಕ್ರೀನ್‌ಶಾಟ್ ತೆಗೆಯಿರಿ. ಲಾಟ್ ನಂಬರ್, ತಾರೀಕು, ಬೆಲೆ, ಪುಟದ ವಿಳಾಸ ನಾಲ್ಕೂ ಕಾಣಬೇಕು.

ಮಾರಾಟ ವಿದೇಶದಲ್ಲಿ ಆಗಿದ್ದರೆ ನಮ್ಮ 53ಎ ಅಲ್ಲಿ ನಡೆಯುವುದಿಲ್ಲ. ಆ ದೇಶದ ಕಾನೂನು ಭಾರತೀಯರಿಗೂ ಪಾಲು ಕೊಡುತ್ತದಾ ಅಂತ ನೋಡಬೇಕು. ಕೃತಿಸ್ವಾಮ್ಯದ ಬಗ್ಗೆ ದೇಶಗಳು ಮಾಡಿಕೊಂಡಿರುವ ಬರ್ನ್ ಒಪ್ಪಂದದಲ್ಲಿ ಇದು ಕೊಟ್ಟು ತೆಗೆದುಕೊಳ್ಳುವ ಲೆಕ್ಕ. ಎಂ.ಎಫ್. ಹುಸೇನರ 'ಗ್ರಾಮಯಾತ್ರೆ'ಯನ್ನು 1954ರಲ್ಲಿ ನಾರ್ವೆಯಲ್ಲಿ ನೆಲೆಸಿದ್ದ ವೈದ್ಯರೊಬ್ಬರು ಕೊಂಡಿದ್ದರು. 2025ರ ಮಾರ್ಚಿನಲ್ಲಿ ಅದು ನ್ಯೂಯಾರ್ಕ್‌ನ ಹರಾಜಿನಲ್ಲಿ ಸುಮಾರು 1.38 ಕೋಟಿ ಡಾಲರ್‌ಗೆ ಹೋಯಿತು. ನ್ಯೂಯಾರ್ಕ್‌ನಲ್ಲಿ ಮರುಮಾರಾಟದ ಪಾಲಿನ ಕಾನೂನೇ ಇಲ್ಲ.

ಹಂತ 5: ಕೇಳುವುದು

ಮೊದಲು ವಕೀಲರ ನೋಟಿಸ್ ಬೇಡ. ಒಂದು ಸಾದಾ ಪತ್ರ ಬರೆಯಿರಿ, ಹರಾಜಿನವರಿಗೆ ಅಥವಾ ಗ್ಯಾಲರಿಗೆ. ಮಾರಿದವರಿಗೂ ತಲುಪಿಸಿ ಅಂತ ಕೋರಿ. ಪತ್ರದಲ್ಲಿ ಕೃತಿಯ ವಿವರ, ನಿಮ್ಮ ಪುಸ್ತಕದ ನಂಬರ್, ಮೊದಲ ರಸೀದಿಯ ಪ್ರತಿ, ಮರುಮಾರಾಟದ ಸ್ಕ್ರೀನ್‌ಶಾಟ್, 53ಎ ಕಲಮಿನ ಉಲ್ಲೇಖ, ಕೇಳುವ ಮೊತ್ತ, ಬ್ಯಾಂಕ್ ವಿವರ, 30 ದಿನದ ಗಡುವು ಇರಲಿ. ಹೆಸರು ತಪ್ಪಾಗಿ ಹಾಕಿದ್ದರೆ ಅಥವಾ ಹಾಕದೇ ಇದ್ದರೆ ಅದನ್ನೂ ಬರೆಯಿರಿ. ಇದು ನನ್ನ ಕೃತಿ ಅಂತ ಹೇಳಿಕೊಳ್ಳುವ ಹಕ್ಕು 57ನೇ ಕಲಮಿನಲ್ಲಿ ಬೇರೆಯಾಗಿಯೇ ಇದೆ.

ಸಿಟ್ಟು ಬೇಡ. "ನನ್ನ ಹೊಟ್ಟೆ ಮೇಲೆ ಹೊಡೆದಿರಿ" ಅಂತೆಲ್ಲ ಬರೆದ ಪತ್ರ ನೇರ ಅವರ ವಕೀಲರ ಮೇಜಿಗೆ ಹೋಗುತ್ತದೆ. ಎರಡನೇ ಸಲ ನನ್ನ ಚಿತ್ರವೊಂದು 85,000ಕ್ಕೆ ಮಾರಾಟವಾದಾಗ ನಾನು ಬರೆದದ್ದು ಹನ್ನೊಂದು ಸಾಲು. ಜೊತೆಗೆ ಮಾರಿದವರೇ ಸಹಿ ಹಾಕಿದ್ದ ರಸೀದಿ. ಮೂರು ವಾರಕ್ಕೆ 4,250 ರೂಪಾಯಿ ಖಾತೆಗೆ ಬಂತು. "ಸಾರಿ ಸಾರ್, ಮರ್ತೇ ಹೋಗಿತ್ತು" ಅಂತ ಒಂದು ಮೆಸೇಜೂ ಬಂತು.

ಉತ್ತರ ಬರದಿದ್ದರೆ ಆಗ ವಕೀಲರ ನೋಟಿಸ್, ತಲುಪಿದ್ದಕ್ಕೆ ದಾಖಲೆ ಸಿಗುವ ಸ್ಪೀಡ್ ಪೋಸ್ಟ್‌ನಲ್ಲಿ. ಅದಕ್ಕೂ ಬಗ್ಗದಿದ್ದರೆ ವಾಣಿಜ್ಯ ನ್ಯಾಯಾಲಯ. ದಾವೆ ಹೂಡುವ ಮೊದಲು, ತುರ್ತು ಆದೇಶ ಬೇಕಿಲ್ಲದಿದ್ದರೆ, ಮಧ್ಯಸ್ಥಿಕೆಗೆ ಹೋಗುವುದು ಕಡ್ಡಾಯ. ಕಾನೂನು ಸೇವಾ ಪ್ರಾಧಿಕಾರದ ಮೂಲಕ ಅದು ನಡೆಯುತ್ತದೆ. ನನ್ನ ಪ್ರಕಾರ ನಮ್ಮಂಥವರಿಗೆ ಅದೇ ಒಳ್ಳೆಯ ಜಾಗ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಅದೇ ಪ್ರಾಧಿಕಾರದಿಂದ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ.

ವಾಣಿಜ್ಯ ನ್ಯಾಯಾಲಯದ ದಾವೆಗಳಿಗೆ 3 ಲಕ್ಷ ರೂಪಾಯಿಯ ಕೆಳಮಿತಿ ಇದೆ. ನಿಮ್ಮ ಪ್ರಕರಣದ ಮೌಲ್ಯವನ್ನು ಹೇಗೆ ತೋರಿಸುವುದು ಅಂತ ವಕೀಲರನ್ನು ಮೊದಲ ಭೇಟಿಯಲ್ಲೇ ಕೇಳಿ. ಹಣದ ದಾವೆಗೆ ಸಾಮಾನ್ಯವಾಗಿ 3 ವರ್ಷದ ಕಾಲಮಿತಿ, ಹಾಗಾಗಿ ಕಂಡ ತಕ್ಷಣ ಓಡಾಡಿ. ಲೆಕ್ಕವನ್ನೂ ಹಾಕಿ. 1,60,000ಕ್ಕೆ ಪೂರ್ತಿ ಶೇ. 10 ಸಿಕ್ಕರೂ 16,000. ಅದಕ್ಕಾಗಿ ಎರಡು ವರ್ಷ ಕೋರ್ಟಿಗೆ ಅಲೆಯುವುದಕ್ಕಿಂತ ಆ ಹೊತ್ತಿನಲ್ಲಿ ಮೂರು ಚಿತ್ರ ಬರೆಯಬಹುದು. ಮೊತ್ತ ಲಕ್ಷಗಳಲ್ಲಿದ್ದರೆ ಮಾತ್ರ ನಾನು ಕೋರ್ಟು ಹತ್ತಲು ಹೇಳುತ್ತೇನೆ.

ಹಂತ 6: ಮನೆಯವರಿಗೆ ತೋರಿಸಿ

ನಿಜವಾದ ಬೆಲೆ ಬಹಳ ಸಲ ಕಲಾವಿದರು ಹೋದ ಮೇಲೆಯೇ ಏರುವುದು. ಆಗ ಕೇಳಬೇಕಾದವರು ಮನೆಯವರು, ಅವರಿಗೆ ಯಾವ ಚಿತ್ರ ಎಲ್ಲಿದೆ ಅಂತಲೇ ಗೊತ್ತಿರುವುದಿಲ್ಲ. ವಿಲ್ ಬರೆಯುವಾಗ ಮನೆ, ಸೈಟು, ಒಡವೆಯ ಜೊತೆ ಕೃತಿಸ್ವಾಮ್ಯ ಮತ್ತು ಮರುಮಾರಾಟದ ಪಾಲು ಯಾರಿಗೆ ಅಂತಲೂ ಒಂದು ಸಾಲು ಸೇರಿಸಿ. ಮಕ್ಕಳು ಮೂವರಿದ್ದರೆ ಪತ್ರ ವ್ಯವಹಾರ ಮಾಡುವವರು ಒಬ್ಬರೇ ಅಂತ ಗೊತ್ತುಮಾಡಿ. ಹರಾಜಿನವರು ಮೂವರ ಜೊತೆ ಮಾತಾಡಲು ಒಪ್ಪುವುದಿಲ್ಲ.

ನಮ್ಮ ಮನೆಯಲ್ಲಿ ಆ ಪುಸ್ತಕ ಮತ್ತು ರಸೀದಿಯ ಕಾರ್ಬನ್ ಪ್ರತಿಗಳು ಬೀರುವಿನಲ್ಲಿ, ಗ್ಯಾಸ್ ಪುಸ್ತಕ ಮತ್ತು ಎಲ್‌ಐಸಿ ಬಾಂಡ್ ಇಡುವ ಅದೇ ಕವರಿನಲ್ಲಿವೆ. ಹೆಂಡತಿಗೆ ಒಂದು ಸಂಜೆ ಕೂತು ಎಲ್ಲ ತೋರಿಸಿದೆ. ಅವಳು ಪುಟ ತಿರುವಿ, 2011ರ ಹೂವಿನ ಸಾಲಿನ ಎದುರು ಖಾಲಿ ಜಾಗ ಇರುವುದು ನೋಡಿ, "ಇದಕ್ಕೆ ಯಾಕ್ರೀ ಏನೂ ಬರ್ದಿಲ್ಲ?" ಅಂತ ಕೇಳಿದಳು.